ಗೋಡೆಯ ಒಳಗಿನ ಕಲ್ಲು

ಹೋದ ತಿಂಗಳು ಈ ಪುಟದಲ್ಲಿ ಮನೆಯಲ್ಲಿ ಕಾಳುಕಡಿಗಳನ್ನು ಕಾಪಾಡುವ ವಿಚಾರವನ್ನು ಬರೆದಿದ್ದೆವು. ಅದನ್ನು ಓದಿದ ಭಾಲ್ಕಿಯ ಕಡೆಯ ವಾಚಕರೊಬ್ಬರು, "ಕಾಳಿನ ಮಾತಾಯಿತು, ಕಾಳನ್ನೂ ನಮ್ಮನ್ನೂ ಕಾಯುವ ಮನೆಯ ಮಾತೆಂದು? ಹಳೆಯ ಮನೆಯನ್ನು ಸುಧಾರಿಸಬೇಕಾದರೆ ಎಂಥ ಗೌಂಡಿಯನ್ನು ಹುಡುಕಬೇಕು?" ಎಂದು ಕೇಳಿರುವರು. ಪ್ರಶ್ನೆಯು ಸಕಾಲದ್ದು. ಬೇಸಿಗೆ ಬಂತೆಂದರೆ ನಮ್ಮ ಸೀಮೆಯಲ್ಲಿ ಮದುವೆಗಳೂ ಮನೆಯ ಕೆಲಸಗಳೂ ಒಂದರ ಬೆನ್ನಿಗೊಂದು ಬರುವವು. ಇದಕ್ಕೆ ಉಪದೇಶರೂಪವಾಗಿ ಉತ್ತರ ಹೇಳುವದಕ್ಕಿಂತ, ಚಿಂತಾಕಿಯ ನಮ್ಮ ಮನೆಯಲ್ಲಿ ನಡೆದ ಸಂಗತಿಯನ್ನು ಇದ್ದಂತೆ ಬರೆಯುವದೇ ಲೇಸೆಂದು ತೋರುತ್ತದೆ.

ಮನೆ ನಮ್ಮ ಅಜ್ಜನ ಕಾಲದ್ದು. ಎರಡು ಮೊಳ ದಪ್ಪದ ಕಲ್ಲಿನ ಗೋಡೆ. ಮಧ್ಯದಲ್ಲಿ ಕಟ್ಟಿಗೆಯ ಕಂಬಗಳು. ಮೇಲೆ ತೊಲೆ, ಜಂತಿ, ಹಲಗೆ, ಅದರ ಮೇಲೆ ಮಣ್ಣಿನ ಮಾಳಿಗೆ. ಇಂಥ ಮನೆಯಲ್ಲಿ ಬೆಳೆದವರಿಗೆ ಅದರ ಸುಖವನ್ನು ಹೇಳಬೇಕಾದದ್ದಿಲ್ಲ; ಔರಾದ ಸೀಮೆಯ ವೈಶಾಖದ ಬಿಸಿಲು ಹೊಸ್ತಿಲಿನ ಆಚೆಗೇ ನಿಂತುಬಿಡುವದು. ನಮ್ಮ ತಮ್ಮನಿಗೆ ಮಗಳ ಮದುವೆಯೊಳಗಾಗಿ ಮುಂದಿನ ಪಡಸಾಲೆಯ ಮಾಳಿಗೆಯನ್ನು ಕೆಡವಿ, ಅದೇ ಗೋಡೆಗಳ ಮೇಲೆ ಸಿಮೆಂಟಿನ ಸ್ಲ್ಯಾಬು ಹಾಕಿಸಿ, ಅದರ ಮೇಲೊಂದು ಕೋಣೆಯನ್ನು ಕಟ್ಟಿಸುವ ಹವ್ಯಾಸ ಹತ್ತಿತು. ಪೇಟೆಯ ಗುತ್ತಿಗೆದಾರನೊಬ್ಬನು ಬಂದು, ಬೀದಿಯಲ್ಲಿ ನಿಂತು ನೋಡಿ, ಅಲ್ಲಿಯೇ ಚದರಡಿಯ ದರವನ್ನು ಹೇಳಿ ಹೋದನು. ಮನೆಯವರೆಲ್ಲರೂ ಒಪ್ಪಿದ್ದರು. ನಮ್ಮ ತಾಯಿಯವರು ಮಾತ್ರ, "ಈ ಮನೆ ಕಟ್ಟಿದವರ ಮಕ್ಕಳು ಇದ್ದಾರಲ್ಲ, ಅವರಿಗೆ ಒಂದು ಮಾತು ಕೇಳಿರಿ" ಎಂದರು.

ಆ ಗೌಂಡಿಗಳ ಮನೆತನವು ಇಂದಿಗೂ ಇದೇ ಕಸುಬಿನಲ್ಲಿದೆ. ವೃದ್ಧ ತಂದೆ, ಇಬ್ಬರು ಮಕ್ಕಳು, ಬೀದರದಲ್ಲಿ ಕಟ್ಟಡದ ವಿದ್ಯೆಯನ್ನು ಕಲಿತ ಮೊಮ್ಮಗ. ಹಿರಿಯ ಸೊಸೆಯು ಕೂಲಿ ಮತ್ತು ಸಾಮಾನಿನ ಲೆಕ್ಕವನ್ನು ಬರೆಯುವಳು. ಹೊಸ ಮನೆಯ ಪಾಯದಿಂದ ಹಿಡಿದು ಹಳೆಯ ಮನೆಯ ಸೋರಿಕೆಯ ವರೆಗೆ ಎಲ್ಲ ಕೆಲಸಗಳನ್ನೂ ಅವರು ತಾವೇ ನಿಂತು ಮಾಡುತ್ತಾರೆ. ವೃದ್ಧರು ಬಂದವರು ದರದ ಮಾತನ್ನೇ ಎತ್ತಲಿಲ್ಲ. ಕೈಗೋಲಿನಿಂದ ಗೋಡೆಯನ್ನು ಅಲ್ಲಲ್ಲಿ ಬಡಿದು ಆಲಿಸಿದರು. ಬಳಿಕ, ಎರಡು ಕಡೆಗೆ ಗೋಡೆಯನ್ನು ಬಿಚ್ಚಿ ನೋಡಲು ಅಪ್ಪಣೆ ಕೇಳಿದರು.

ಬಿಚ್ಚಿದಾಗ ಕಂಡದ್ದು ಇದು. ನಾವು ಒಂದೇ ಗೋಡೆಯೆಂದು ತಿಳಿದದ್ದು ನಿಜವಾಗಿ ಎರಡು ತೆಳ್ಳನೆಯ ಗೋಡೆಗಳು. ನಡುವೆ ಚೂರುಗಲ್ಲು ಮತ್ತು ಮಣ್ಣನ್ನು ತುಂಬಿದ್ದಿತು. ಆ ಮಣ್ಣು ಇಲಿಗಳ ಬಿಲವಾಗಿ ಹುಡಿಯಾಗಿತ್ತು. ಈ ಮುಖದಿಂದ ಆ ಮುಖದ ವರೆಗೆ ಮುಟ್ಟಿ ಎರಡನ್ನೂ ಹಿಡಿದು ನಿಲ್ಲಿಸುವ ಉದ್ದಗಲ್ಲು ಒಂದೂ ಇರಲಿಲ್ಲ. ಮಾಳಿಗೆಯ ಮೇಲೆ ಅಗೆದು ನೋಡಿದರೆ ಮಣ್ಣು ಒಂದೂವರೆ ಅಡಿ. ಇದೂ ಆಶ್ಚರ್ಯವಲ್ಲ. ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕುವ ಪದ್ಧತಿ ಎಲ್ಲರ ಮನೆಯಲ್ಲಿಯೂ ಇತ್ತು. ಹಳೆಯದನ್ನು ತೆಗೆಯುವ ಪದ್ಧತಿ ಯಾರಿಗೂ ಇರಲಿಲ್ಲ. ಹತ್ತಡಿ ಉದ್ದ, ಹತ್ತಡಿ ಅಗಲದ ಒಂದು ಅಂಕಣದ ಮೇಲೆ ಒಂದು ಅಡಿ ಮಣ್ಣೆಂದರೆ, ಒಣಗಿದ್ದಾಗಲೇ ಸುಮಾರು 45 ಕ್ವಿಂಟಲು ತೂಕ. ಅದರ ಕೆಳಗೆ ನಾವು ತೊಟ್ಟಿಲು ಕಟ್ಟುತ್ತಿದ್ದೆವು!

ವೃದ್ಧರು ಕೈಯ ಧೂಳನ್ನು ಝಾಡಿಸಿಕೊಂಡು, "ಈ ಗೋಡೆಯ ಮೇಲೆ ನಾನು ಸ್ಲ್ಯಾಬು ಹಾಕಲಾರೆ, ಯಜಮಾನರೇ" ಎಂದರು. ತಮ್ಮನಿಗೆ ಸಿಟ್ಟು ಬಂತು. "ನಿಮ್ಮನ್ನು ಕರೆಸಿದ್ದು ಕೆಲಸ ಮಾಡುವದಕ್ಕೋ, ಬೇಡವೆನ್ನುವದಕ್ಕೋ ಕಾಕಾ?" ಎಂದನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ಗೋಡೆಯನ್ನು ಕಟ್ಟಿದವನು ನಮ್ಮಪ್ಪ. ಕಿಲ್ಲಾರಿಯಲ್ಲಿ ಕಲ್ಲು ಎತ್ತುವದಕ್ಕೆ ನಾನು ಹೋಗಿದ್ದೆ. ಅಲ್ಲಿ ಬಿದ್ದ ಗೋಡೆಗಳೆಲ್ಲ ನಮ್ಮಪ್ಪನ ಗೋಡೆಯಂಥವೇ ಇದ್ದವು" ಎಂದರು. ಅನಂತರ ಆ ದಿವಸ ಯಾರೂ ಸ್ಲ್ಯಾಬಿನ ಮಾತನ್ನಾಡಲಿಲ್ಲ.

ಕಿಲ್ಲಾರಿಯ ಹೆಸರನ್ನು ನಮ್ಮಲ್ಲಿಯ ಹಿರಿಯರು ಮರೆತಿಲ್ಲ, ಎಳೆಯರಿಗಾಗಿ ಬರೆಯುತ್ತೇವೆ. ಅದು ನಮ್ಮ ಜಿಲ್ಲೆಗೆ ಹೊಂದಿದ ಲಾತೂರ ಜಿಲ್ಲೆಯಲ್ಲಿದೆ. (ಆ ಜಿಲ್ಲೆಯ ಉದಗೀರ, ನಿಲಂಗಾ ತಾಲೂಕುಗಳು 1956ರ ವರೆಗೆ ಬೀದರ ಜಿಲ್ಲೆಯವೇ, ಮನೆ ಕಟ್ಟುವ ರೀತಿಯಲ್ಲಿ ಗಡಿಯೆಂಬದು ಇಂದಿಗೂ ಇಲ್ಲ.) 1993ನೆಯ ಇಸವಿ ಸಪ್ಟೆಂಬರ 30ರ ಬೆಳಗಿನ ಜಾವ, ನಾಲ್ಕು ಗಂಟೆಗೆ ಇನ್ನೂ ಕೆಲವು ನಿಮಿಷಗಳಿರುವಾಗ, ಗಣಪತಿಯನ್ನು ಕಳುಹಿಸಿ ದಣಿದು ಮಲಗಿದ್ದ ಜನರ ಮೇಲೆ ಅವರ ಮನೆಗಳೇ ಬಿದ್ದವು. ಸರಕಾರದ ಎಣಿಕೆಯಂತೆ ಸತ್ತವರು ಸುಮಾರು 8,000. ಭೂಕಂಪವು ಜಗತ್ತಿನ ಮಹಾಕಂಪಗಳ ಸಾಲಿನದಲ್ಲ. ಕೊಂದದ್ದು ಮುಖ್ಯವಾಗಿ ಉದ್ದಗಲ್ಲಿಲ್ಲದ ಗೋಡೆ ಮತ್ತು ಮಾಳಿಗೆಯ ಮಣ್ಣು. ಭೂಮಿ ನಡುಗಿದೊಡನೆ ಗೋಡೆಯ ಎರಡು ಪದರುಗಳು ಬೇರೆಬೇರೆಯಾಗಿ, ಒಂದು ಒಳಗೆ, ಒಂದು ಹೊರಗೆ ಉರುಳಿದವು. ಮಾಳಿಗೆಯ ಭಾರವನ್ನು ಗೋಡೆಗೆ ಬಿಡದೆ ಕಟ್ಟಿಗೆಯ ಕಂಬಗಳೇ ಹೊತ್ತಿದ್ದ ಮನೆಗಳಲ್ಲಿ ಎಷ್ಟೋ ಕಡೆ ಗೋಡೆ ಹೋದರೂ ಮಾಳಿಗೆ ನಿಂತು ಜನರು ಉಳಿದರು. ಮುಂದೆ 52 ಹಳ್ಳಿಗಳನ್ನು ಬೇರೆ ಸ್ಥಳಗಳಲ್ಲಿ ಹೊಸದಾಗಿ ಕಟ್ಟಬೇಕಾಯಿತು. ಇತರ ಹಳ್ಳಿಗಳಲ್ಲಿ ಲಕ್ಷಕ್ಕೂ ಮಿಕ್ಕಿದ ಮನೆಗಳನ್ನು ಯಜಮಾನರೇ ನಿಂತು ದುರಸ್ತಿ ಮಾಡಿಸಿ ಭದ್ರಪಡಿಸಿಕೊಂಡರು.

ಕಲ್ಲಿನ ಗೋಡೆಗೆ ನಿಯಮವಿಲ್ಲವೆಂದಲ್ಲ. ಭಾರತೀಯ ಮಾನಕ ಸಂಸ್ಥೆಯು 1993ರಲ್ಲಿಯೇ ಅದನ್ನು ಅಚ್ಚುಹಾಕಿರುವದು: ಗೋಡೆಯ ದಪ್ಪವು ಒಂದೂವರೆ ಅಡಿಯನ್ನು ಮೀರದಿರಲಿ, ಎತ್ತರದಲ್ಲಿ ಎರಡೆರಡು ಅಡಿಗೆ, ಉದ್ದದಲ್ಲಿ ನಾಲ್ಕು ಅಡಿ ಮೀರದಂತೆ ಒಂದೊಂದು ಉದ್ದಗಲ್ಲನ್ನು ಕೂಡಿಸತಕ್ಕದ್ದು. ದಪ್ಪ ಗೋಡೆಯೇ ಗಟ್ಟಿ ಗೋಡೆಯೆಂಬ ನಮ್ಮ ಅಭಿಪ್ರಾಯವು ಎಷ್ಟು ತಪ್ಪೆಂಬದನ್ನು ನೋಡಿರಿ.

ಇನ್ನು ನಮ್ಮ ಮನೆಯಲ್ಲಿ ಅವರು ಮಾಡಿದ ಕೆಲಸ. ಮೊದಲು ಮಾಳಿಗೆಯ ಮಣ್ಣನ್ನು ಇಳಿಸಿದರು. ಬಂಡಿಗಳ ಲೆಕ್ಕವನ್ನು ಹುಡುಗರು ಇಡುತ್ತಿದ್ದರು, ಕೊನೆಗೆ ಎಣಿಕೆ ತಪ್ಪಿತು. ಪ್ಲಾಸ್ಟಿಕ್ಕಿನ ಹಾಳೆಯನ್ನು ಹಾಸಿ ಅದರ ಮೇಲೆ ಅರ್ಧ ಅಡಿಯಷ್ಟು ಮಾತ್ರ ಮಣ್ಣನ್ನು ಉಳಿಸಿದರು. ಗೋಡೆಯಲ್ಲಿ ಗೊತ್ತಾದ ಅಂತರಕ್ಕೆ ಒಂದೊಂದೇ ಕಲ್ಲನ್ನು ಬಡಿಯದೆ ಮೆಲ್ಲಗೆ ಸಡಿಲಿಸಿ ತೆಗೆದು, ಆರುಪಾರಾದ ಕಂಡಿ ಮಾಡಿ, ಎರಡೂ ತುದಿಗಳನ್ನು ಬಾಗಿಸಿದ ಸಲಾಕೆಯನ್ನಿಟ್ಟು ಕಾಂಕ್ರೀಟು ತುಂಬಿದರು. ಹೀಗೆ ಇಲ್ಲದ ಉದ್ದಗಲ್ಲು ಹುಟ್ಟಿತು. ಮಾಳಿಗೆಯ ಕೆಳಗೆ ಗೋಡೆಗಳ ಸುತ್ತಲೂ, ಒಳಗೂ ಹೊರಗೂ, ನಡುಕಟ್ಟಿನಂತೆ ಕಬ್ಬಿಣದ ಜಾಳಿಗೆಯನ್ನು ಬಿಗಿದು ಗಿಲಾಯ ಮಾಡಿದರು. ಕಂಬಕ್ಕೂ ತೊಲೆಗೂ ನಡುವೆ ಬಡಿಗನಿಂದ ಓರೆಗಟ್ಟಿಗೆಗಳನ್ನು ಕೂಡಿಸಿದರು. ತಮ್ಮನ ಕೋಣೆಯನ್ನು ಹಿತ್ತಲಲ್ಲಿ ಬೇರೆ ಪಾಯದ ಮೇಲೆ ಕಟ್ಟಿದರು. ನಮ್ಮದು ಎರೆಭೂಮಿ, ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಈ ಮಣ್ಣಿನ ಮೇಲೆ ಪಾಯವಿಟ್ಟರೆ ಗೋಡೆಯೂ ಅದರಂತೆಯೇ ಬಿರಿಯುವದೆಂದು, ಕೆಳಗೆ ಗಟ್ಟಿ ಗರಸು ಹತ್ತುವ ವರೆಗೆ ಅಗೆಯಿಸಿದರು. ಇಷ್ಟಾದರೂ ಕೂಲಿಯಲ್ಲಿ ಒಂದು ಪೈಸೆಯನ್ನೂ ಬಿಡಲಿಲ್ಲವೆಂಬದನ್ನು ಹೇಳಿಬಿಡುವದು ನ್ಯಾಯ.

ವಾಚಕರ ಪ್ರಶ್ನೆಗೆ ಬರೋಣ. ಮನೆತನದ ಕಸುಬೆಂದ ಮಾತ್ರಕ್ಕೆ ನಂಬುವದು ಬೇಡ; ಉದ್ದಗಲ್ಲಿಲ್ಲದ ಗೋಡೆಗಳನ್ನು ಕಟ್ಟಿದವರೂ ಮನೆತನದವರೇ. ಆದರೆ ತಂದೆಯ ತಪ್ಪನ್ನು ಹೇಳಿಕೊಂಡು ತಿದ್ದುವದಕ್ಕೆ ಮಗನೇ ನಮ್ಮ ಬಾಗಿಲಿಗೆ ಬರಬೇಕಾಗುವದು ಇಂಥ ಮನೆತನದಲ್ಲಿಯೇ ಹೊರತು, ಚದರಡಿಯ ದರವನ್ನು ಹೇಳಿ ಹೋಗುವವರಲ್ಲಿ ಅಲ್ಲ. ಬಂದವನು ಗೋಡೆಯನ್ನು ಬಿಚ್ಚಿ ನೋಡುವನೋ ಬೀದಿಯಿಂದಲೇ ನೋಡುವನೋ ಗಮನಿಸಿರಿ. ಮುಚ್ಚಿಹೋಗುವ ಕೆಲಸವನ್ನು, ಎಂದರೆ ಪಾಯ, ಉದ್ದಗಲ್ಲು, ಸಲಾಕೆ ಇವುಗಳನ್ನು, ಮುಚ್ಚುವ ಮುಂಚೆ ತೋರಿಸುವೆನೆಂದು ಕಾಗದದ ಮೇಲೆ ಬರೆಯಿಸಿಕೊಳ್ಳಿರಿ. ಹಣವನ್ನು ಕೆಲಸದ ಹಂತಕ್ಕೆ ತಕ್ಕಂತೆ ಕೊಡಿರಿ. ಮನೆಯಲ್ಲಿಯ ಹೆಂಗಸರನ್ನು ಕೇಳದೆ ಒಲೆಯ ಗೋಡೆಯನ್ನು ಮುಟ್ಟಗೊಡಬೇಡಿರಿ.

ಬೀದರಕ್ಕೆ ಹೋದಾಗ ಮಹಮೂದ ಗಾವಾನನ ಮದರಸೆಯನ್ನು ಒಮ್ಮೆ ಈ ಕಣ್ಣಿನಿಂದ ನೋಡಬಹುದು. 1472ರ ಕಟ್ಟಡ, 1696ರಲ್ಲಿ ಸಿಡಿಲು ಬಡಿದು ಮದ್ದು ಸಿಡಿದು ಒಂದು ಭಾಗವು ಹೋಯಿತು. ಹೊರಮುಖದ ಬಣ್ಣದ ಹೆಂಚುಗಳು ಬಹುಮಟ್ಟಿಗೆ ಉದುರಿವೆ. ಗೋಡೆ ನಿಂತಿದೆ.

ಮದುವೆಯು ಹಿತ್ತಲಿನ ಹೊಸ ಕೋಣೆಗೆ ಗಿಲಾಯವಾಗುವ ಮೊದಲೇ ಬಂದಿತು. ಬೀಗರು ಕಲ್ಲುಗಳನ್ನು ನೋಡುತ್ತ ಊಟ ಮಾಡಿದರು. ಸುಣ್ಣಬಣ್ಣದ ವಿಚಾರವನ್ನು ಬರುವ ತಿಂಗಳು ಬರೆಯುವೆವು.