ದಿನಕ್ಕೆರಡಾಣೆಯ ಧೈರ್ಯ

ಮೊನ್ನೆ ಸಂಜೆ ಕಾರ್ಕಳ ಪೇಟೆಯ ಅಂಗಡಿಯೊಂದರಲ್ಲಿ ಕೂತಿದ್ದೆ. ದಿನದ ಉಳಿತಾಯದ ಹಣ ಒಯ್ಯುವ ಪಿಗ್ಮಿಯವರು ಬಂದರು. ಅಂಗಡಿಯವರು ಬೆಲ್ಲ ತೂಗುತ್ತಲೇ ಗಲ್ಲಾದಿಂದ ನೂರರ ನೋಟು ತೆಗೆದುಕೊಟ್ಟರು. ಪಿಗ್ಮಿಯವರು ಕೈಯ ಯಂತ್ರ ಒತ್ತಿ, ಚೀಟಿ ಹರಿದುಕೊಟ್ಟು ಪಕ್ಕದ ಅಂಗಡಿಗೆ ನಡೆದರು. ಎಲ್ಲ ಸೇರಿ ಅರ್ಧ ನಿಮಿಷದ ಕೆಲಸ. ನನ್ನ ಜೊತೆಗಿದ್ದ ಅಕ್ಕನ ಮಗ ಮಾತ್ರ ಅರ್ಧ ಗಂಟೆಯಿಂದ ಒಂದೇ ವಿಷಯ ಹೇಳುತ್ತಿದ್ದ.

ಅವನ ಮನೆ ಕಾಪುವಿನಲ್ಲಿ, ಕೆಲಸ ಉಡುಪಿಯಲ್ಲಿ. ಸಂಬಳ ತೊಂದರೆಯಿಲ್ಲ. ಮಧ್ಯಾಹ್ನಕ್ಕೆ ಮನೆಯ ಬುತ್ತಿ, ಕತ್ತಲಾಗುವುದರೊಳಗೆ ಮನೆ, ಭಾನುವಾರ ಕಡಲ ಗಾಳಿ. ಈಗ ಕಂಪನಿಯವರು ಹೈದರಾಬಾದಿಗೆ ಹೋಗಿ ಹೊಸ ವಿಭಾಗ ನೋಡಿಕೋ ಎನ್ನುತ್ತಿದ್ದಾರೆ. ಹೋದರೆ ದೊಡ್ಡ ಹುದ್ದೆ. “ಮನಸ್ಸಿಲ್ಲ ಮಾಮ. ಇಲ್ಲಿ ಎಲ್ಲ ಸರಿ ಉಂಟಲ್ಲ?” ಎಂದು ಕೇಳಿದ.

ಇಂಥವರಿಗೆ ಹೇಳಲು ನಮ್ಮ ಜಿಲ್ಲೆಯಲ್ಲಿ ಕಥೆಗಳಿಗೆ ಬರವಿಲ್ಲ. ಕಾರ್ಕಳದ ಕಡೆಯಿಂದ ಸಣ್ಣ ಪ್ರಾಯದಲ್ಲೇ ಮುಂಬಯಿ ಸೇರಿದ ಎ. ರಾಮ ನಾಯಕರು 1942ರಲ್ಲಿ ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ಕರಾವಳಿಯ ಹುಡುಗರಂತೂ ಲೆಕ್ಕಕ್ಕೆ ಸಿಗುವುದಿಲ್ಲ. ನಾನೂ ಅದನ್ನೇ ಹೇಳಲು ಬಾಯಿ ತೆರೆದವನು ಸುಮ್ಮನಾದೆ. ಆ ಹುಡುಗರಲ್ಲಿ ಹೆಚ್ಚಿನವರು ‘ಕಂಫರ್ಟ್ ಝೋನ್’ ಬಿಟ್ಟು ಹೋದವರಲ್ಲ. ಬಿಡಲು ಅವರ ಬಳಿ ಅದಿರಲೇ ಇಲ್ಲ. ಗೇಣಿ ಅಳೆದು ಉಳಿದ ಅಕ್ಕಿ ಮಳೆಗಾಲದ ಆಟಿ ತಿಂಗಳು ದಾಟಿಸುತ್ತಿರಲಿಲ್ಲ. ಅವರನ್ನು ಮನೆಯಿಂದ ಹೊರಡಿಸಿದ್ದು ಹಸಿವು. ಹೊಟ್ಟೆ ತುಂಬಿದ ನನ್ನ ಅಳಿಯನಿಗೆ ಆ ಕಥೆ ಹೇಳಿ ನಾಚಿಕೆಪಡಿಸುವುದು ನ್ಯಾಯವಲ್ಲ. ಅವನ ಪ್ರಶ್ನೆಯೇ ಬೇರೆ. ಹಿಂದಿನಿಂದ ಯಾರೂ ದೂಡದಿರುವಾಗ ಹೊಸ್ತಿಲು ದಾಟುವುದು ಹೇಗೆ?

ಉತ್ತರ ಆಗಷ್ಟೇ ನಮ್ಮೆದುರು ಚೀಟಿ ಹರಿದುಕೊಟ್ಟು ಹೋಗಿತ್ತು.

ಉಡುಪಿಯಲ್ಲಿ ವೈದ್ಯರಾಗಿದ್ದ ಡಾ. ಟಿ.ಎಂ.ಎ. ಪೈಯವರು, ಅಣ್ಣ ಉಪೇಂದ್ರ ಪೈ ಮತ್ತು ವಾಮನ ಕುಡ್ವರ ಜೊತೆಗೂಡಿ 1925ರಲ್ಲಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕು ಕಟ್ಟಿದರು. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ಆಸರೆಯಾಗಬೇಕೆಂಬುದು ಉದ್ದೇಶ. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅಲ್ಲಿ ಪಿಗ್ಮಿ ಶುರುವಾಯಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನವರೇ ಬಾಗಿಲಿಗೆ ಬಂದು ಒಯ್ಯುತ್ತಿದ್ದರು. ಒಮ್ಮೆಗೇ ನೂರು ರೂಪಾಯಿ ತಾ ಎಂದರೆ ಹೆದರುವ ಬಡವನೂ ಎರಡಾಣೆಗೆ ಹೆದರಲಿಲ್ಲ.

ಪೈಯವರ ಬದುಕೂ ಇದೇ ಲೆಕ್ಕದಲ್ಲಿ ನಡೆಯಿತೆನ್ನಬಹುದು. ಸ್ಟೆತಾಸ್ಕೋಪು ಕೆಳಗಿಟ್ಟು ಮರುದಿನವೇ ಮಣಿಪಾಲದ ಬೋಳುಗುಡ್ಡದಲ್ಲಿ ಊರು ಕಟ್ಟಿದವರಲ್ಲ ಅವರು. 1925ಕ್ಕೆ ಬ್ಯಾಂಕು, 1942ಕ್ಕೆ ಅಕಾಡೆಮಿ ಆಫ್ ಜನರಲ್ ಎಜುಕೇಶನ್, 1949ಕ್ಕೆ ಉಡುಪಿಯ ಎಂ.ಜಿ.ಎಂ. ಕಾಲೇಜು, 1953ಕ್ಕೆ ಕಸ್ತೂರ್ಬಾ ವೈದ್ಯಕೀಯ ಕಾಲೇಜು. ನಡುವೆ ಇಪ್ಪತ್ತೆಂಟು ವರ್ಷ. ಒಂದೊಂದು ಕಂತು ಕಟ್ಟಿದ ಮೇಲೆಯೇ ಮುಂದಿನದಕ್ಕೆ ಎದೆ ಬಂದದ್ದು.

ಕೈಗೆ ಗೊತ್ತಿರುವ ಕೆಲಸವನ್ನು ಬಿಟ್ಟೇ ಹೊರಡಬೇಕೆಂದೂ ಇಲ್ಲ. ಇದೇ ಕಾರ್ಕಳದ ಶಿಲ್ಪಿ ರೆಂಜಾಳ ಗೋಪಾಲ ಶೆಣೈಯವರು ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ಕೆತ್ತುವಾಗ ಎಪ್ಪತ್ತು ದಾಟಿದ್ದರು. ಉಳಿ ಹಳೆಯದು, ಅಳತೆ ಹೊಸದು. ಕೋಟದ ಕಡೆಯ ಪಾರಂಪಳ್ಳಿ ಯಜ್ಞನಾರಾಯಣ ಮಯ್ಯರದು ಇನ್ನೊಂದು ಬಗೆ. ಬೆಂಗಳೂರಿನಲ್ಲಿ, ಮುಂದೆ ಎಂ.ಟಿ.ಆರ್. ಎನಿಸಿದ ಅವರ ಹೋಟೆಲು ಹೆಸರು ಮಾಡಿಯಾಗಿತ್ತು, ದೋಸೆಗೆ ಗಿರಾಕಿಗಳ ಕೊರತೆಯಿರಲಿಲ್ಲ. ಆದರೂ 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿಯ ಹೋಟೆಲುಗಳು ಹೇಗೆ ನಡೆಯುತ್ತವೆಂದು ನೋಡಿ ಬಂದರು. ಬಂದವರು ತಮ್ಮ ಅಡುಗೆಮನೆಯ ಶುಚಿತ್ವದ ಕ್ರಮವನ್ನೇ ಬದಲಿಸಿದರು. ಅವರನ್ನು ಹಸಿವು ಕಳುಹಿಸಿರಲಿಲ್ಲ.

“ಇಲ್ಲೇ ಇದ್ದರೆ ನಷ್ಟ ಏನುಂಟು?” ಎಂದ ಅಳಿಯ. ನಷ್ಟ ಇದೆ. ಹಿಂದೆ ನಮ್ಮೂರಿನಲ್ಲಿ ಬ್ಯಾಂಕಿನ ಕೆಲಸವೆಂದರೆ ಕಲ್ಲಿನ ಮೇಲೆ ಬರೆದ ಹಾಗೆ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನೊಳಗೆ ಸೇರಿತು. ಉಡುಪಿಯಲ್ಲೇ 1906ರಲ್ಲಿ ಹುಟ್ಟಿದ ಕಾರ್ಪೊರೇಶನ್ ಬ್ಯಾಂಕು ಅದೇ ದಿನ ಯೂನಿಯನ್ ಬ್ಯಾಂಕಿಗೆ ಸೇರಿತು. ಕೂತವರು ಕೂತಲ್ಲೇ ಇದ್ದರು, ತಲೆಯ ಮೇಲಿನ ಬೋರ್ಡು ಬದಲಾಯಿತು. ನಾವು ಕದಲದಿದ್ದರೂ ಕೆಲವೊಮ್ಮೆ ನೆಲ ಕದಲುತ್ತದೆ. ಹೊಸತಕ್ಕೆ ಒಗ್ಗುವ ಅಭ್ಯಾಸ ಸ್ವಲ್ಪವಾದರೂ ಜಮೆಯಾಗಿದ್ದರೆ ಅಂಥ ದಿನ ಕೈಹಿಡಿಯುತ್ತದೆ.

ಹಾಗೆಂದು ಅವನಿಗೆ ನಾಳೆಯೇ ಗಂಟುಮೂಟೆ ಕಟ್ಟು ಎನ್ನಲಿಲ್ಲ. ತಾಯಿಯ ಆರೋಗ್ಯ, ಮನೆಯ ಸಾಲ ಇವೆಲ್ಲ ನೆಪಗಳಲ್ಲ, ನಿಜವಾದ ಭಾರಗಳು. ಊರಲ್ಲೇ ಉಳಿಯುವುದು ಹೇಡಿತನವೂ ಅಲ್ಲ. ಆದರೆ ಉಳಿದದ್ದು ಯೋಚಿಸಿಯೋ ಹೆದರಿಯೋ ಎಂಬುದು ಅವನಿಗೆ ಗೊತ್ತಿರಬೇಕು. ತಿಳಿಯಲು ಎರಡಾಣೆ ಸಾಕು. ಹದಿನೈದು ದಿನ ಹೋಗಿ ನೋಡಿ ಬರುತ್ತೇನೆಂದು ಕೇಳಬಹುದು. ಮೀಟಿಂಗಿನಲ್ಲಿ ದಿನವೂ ಸುಮ್ಮನಿರುವವನು ಒಂದು ದಿನ ಒಂದು ಪ್ರಶ್ನೆ ಕೇಳಬಹುದು. ಗೊತ್ತಿಲ್ಲದ ಕೆಲಸವನ್ನು ಪಕ್ಕದ ಮೇಜಿನವರಿಂದ ವಾರಕ್ಕೊಂದು ಗಂಟೆ ಕಲಿಯಬಹುದು. ಅವನ ಕಾಪುವಿನಲ್ಲೇ 1901ರಿಂದ ದೀಪಸ್ತಂಭ ನಿಂತಿದೆ. ದೂರ ಹೋದವನಿಗೆ ದಡ ಎಲ್ಲಿದೆಯೆಂದು ತೋರಿಸಲಿಕ್ಕೆ ತಾನೇ ಅದು ಉರಿಯುವುದು?

ಎಲ್ಲ ಕೇಳಿಸಿಕೊಂಡ ಹುಡುಗ ಬಸ್ಸು ಹತ್ತುವ ಮೊದಲು ನಕ್ಕು, “ನೀವು ಕೊನೆಯ ಕಂತು ಕಟ್ಟಿದ್ದು ಯಾವಾಗ ಮಾಮ?” ಎಂದ.

ನನ್ನಲ್ಲಿ ಉತ್ತರವಿರಲಿಲ್ಲ. ಇಷ್ಟು ವರ್ಷವೂ ನಾನು ಬರೆಯುವುದು ಕಾಗದದ ಮೇಲೆ, ಟೈಪು ಮಾಡುವುದು ಬೇರೆಯವರು. ಕಂಪ್ಯೂಟರ್ ನನಗೆ ಒಗ್ಗುವುದಿಲ್ಲವೆಂದು ನಾನೇ ಬಾಗಿಲು ಹಾಕಿಕೊಂಡಿದ್ದೆ. ಈ ಬರಹ ಮಾತ್ರ ನಾನೇ ಟೈಪು ಮಾಡಿದ್ದು. ಒತ್ತಕ್ಷರಗಳು ಚೆನ್ನಾಗಿ ಸತಾಯಿಸಿದವು, ಮೂರು ಗಂಟೆ ಹಿಡಿಯಿತು. ಎರಡಾಣೆ ಜಮೆ.