ಸೀತಾಳೆಗೆ ಎಷ್ಟು ಗೊಬ್ಬರ?

ಕಾಫಿ ತೋಟಗಳಲ್ಲಿ ಮರಗಸಿಯ ಕಾಲ ಬಂದಾಗ ಕತ್ತಿಯ ಪೆಟ್ಟಿಗೆ ಉರುಳುವುದು ನೆರಳಿನ ಕೊಂಬೆಗಳು ಮಾತ್ರವಲ್ಲ. ಆ ಕೊಂಬೆಗಳನ್ನು ಅಪ್ಪಿಕೊಂಡು ಬಾಳುತ್ತಿದ್ದ ಸೀತಾಳೆಯ ಸಂಸಾರವೂ ನೆಲಕ್ಕೆ ಬೀಳುತ್ತದೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ಎಷ್ಟೋ ಮನೆಗಳ ಜಗುಲಿಯಲ್ಲಿ ತೂಗುವ ಆರ್ಕಿಡ್ ಗಿಡಗಳು ಹೀಗೆ ಬಿದ್ದಲ್ಲಿಂದ ಎತ್ತಿ ತಂದವು. ಮುಂಗಾರಿನ ಹೊಸ್ತಿಲಲ್ಲಿ ಬಿಳುಪು, ನಸುನೇರಿಳೆ ಬೆರೆತ ಹೂಗಳು ಒತ್ತಾಗಿ ಅರಳಿ ಜೋಲುವಾಗ, ಯಾರ ಬೆರಳೂ ಸೋಕದೆ ತಾನೇ ಕಟ್ಟಿಕೊಂಡ ದಂಡೆಯಂತೆ ಅದು ತೋರುತ್ತದೆ. ಸೀತಾಳೆ ದಂಡೆ ಎಂಬ ಹೆಸರು ಅದಕ್ಕೆ ಚೆನ್ನಾಗಿ ಒಪ್ಪುತ್ತದೆ. ದೂರದ ಅಸ್ಸಾಮಿನಲ್ಲಿಯೂ ಇದೇ ಹೂವು ಬಿಹು ಹಬ್ಬದ ದಿನ ಹೆಂಗಳೆಯರ ತುರುಬನ್ನೇರುತ್ತದೆ.

ಮನೆಗೆ ಬಂದ ಗಿಡಕ್ಕೆ ಉಪಚಾರ ತಪ್ಪಿದ್ದಲ್ಲ. ಅದರಲ್ಲಿಯೂ ಕಾಫಿ ಬೆಳೆಗಾರನ ಮನೆಯಲ್ಲಿ ಗೊಬ್ಬರಕ್ಕೆ ಬರವೆಲ್ಲಿ? ಗೋದಾಮಿನಲ್ಲಿ ಮೂಟೆಗಳಿವೆ, ಕೊಟ್ಟಿಗೆಯಲ್ಲಿ ಸೆಗಣಿಯಿದೆ. ಹೂಮಳೆಗೆ ಮುನ್ನ, ಹೂವಾದ ಬಳಿಕ, ಮಳೆಗಾಲದ ನಡುವೆ, ಮಳೆ ಕಳೆದ ಮೇಲೆ ಎಂದು ಕಾಫಿಗೆ ಕಂತುಕಂತಾಗಿ ಉಣಬಡಿಸಿ ಪಳಗಿದ ಕೈ ಅದು. ಅದೇ ಕೈ ಒಂದು ಹಿಡಿ ಹರಳುಗೊಬ್ಬರವನ್ನು ಸೀತಾಳೆಯ ಬುಡಕ್ಕೂ ಸುರಿಯುತ್ತದೆ. ಕೆಲವೇ ದಿನಗಳಲ್ಲಿ ಬೇರಿನ ತುದಿ ಕಪ್ಪಾಗುತ್ತದೆ, ಎಲೆ ಸುಕ್ಕುಗಟ್ಟುತ್ತದೆ. ವರ್ಷಾನುಗಟ್ಟಲೆ ಮರದ ಮೇಲೆ ಯಾರ ಹಂಗೂ ಇಲ್ಲದೆ ಬಾಳಿದ ಗಿಡ, ಮನುಷ್ಯನ ಅಕ್ಕರೆಯ ಒಂದು ಹಿಡಿಗೆ ಬಲಿಯಾಗುತ್ತದೆ. ಅತಿಯಾದರೆ ಅಮೃತವೂ ವಿಷವೆಂಬ ಮಾತಿಗೆ ಇದಕ್ಕಿಂತ ನೇರವಾದ ನಿದರ್ಶನ ಬೇಕಿಲ್ಲ.

ಹೀಗೇಕಾಗುತ್ತದೆ ಎಂಬುದನ್ನು ತಿಳಿಯಲು ಸೀತಾಳೆಯ ಬಾಳನ್ನೇ ನೋಡಬೇಕು. ಮರದ ಮೇಲಿರುವುದೆಲ್ಲ ಬಂದಳಿಕೆಯಲ್ಲ. ಬಂದಳಿಕೆಯು ಮರದೊಳಕ್ಕೆ ಬೇರಿಳಿಸಿ ಅದರ ರಸವನ್ನು ಹೀರುತ್ತದೆ; ಸೀತಾಳೆಯಾದರೋ ಮರದಿಂದ ನೆಲೆಯನ್ನಷ್ಟೇ ಪಡೆಯುತ್ತದೆ. ತೊಗಟೆಯ ಮೇಲೆ ಹರಿದುಬರುವ ಮಳೆನೀರು, ಗಾಳಿ ತಂದ ಧೂಳು, ಕೊಳೆತ ಎಲೆ, ಹಕ್ಕಿಯ ಹಿಕ್ಕೆ, ಇಷ್ಟೇ ಅದರ ಭೋಜನ. ಈ ಅಲ್ಪವನ್ನು ಹಿಡಿದಿಡಲು ಅದರ ಬೇರಿಗೆ ಒಂದು ಬೆಳ್ಳಗಿನ ಹೊದಿಕೆಯಿದೆ. ಸಸ್ಯಶಾಸ್ತ್ರಜ್ಞರು ಅದನ್ನು ವೆಲಾಮೆನ್ ಎನ್ನುತ್ತಾರೆ. ಸತ್ತ ಕೋಶಗಳಿಂದಾದ ಈ ಸ್ಪಂಜಿನಂಥ ಪದರ ನೀರು ಸೋಕಿದೊಡನೆ ಹೀರಿಕೊಳ್ಳುತ್ತದೆ. ಮಳೆಯ ಮೊದಲ ಹನಿಗಳು ಎಲೆ, ತೊಗಟೆಗಳನ್ನು ತೊಳೆದು ತರುವ ನೀರಿನಲ್ಲಿಯೇ ಸಾರ ಹೆಚ್ಚು. ಆ ಮೊದಲ ನೀರನ್ನೇ ವೆಲಾಮೆನ್ ಹಿಡಿದಿಟ್ಟುಕೊಳ್ಳುತ್ತದೆಂದು 2013ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು.

ಕಾಫಿಗೂ ಸೀತಾಳೆಗೂ ಇರುವ ಅಂತರ ಇಲ್ಲಿಯೇ ಇದೆ. ಕಾಫಿಯ ಬುಡದಲ್ಲಿ ಮಣ್ಣಿದೆ, ತರಗೆಲೆಯ ಗೊಬ್ಬರವಿದೆ. ಅವು ಹಾಕಿದ ಗೊಬ್ಬರದ ಒಂದು ಪಾಲನ್ನು ಹಿಡಿದಿಟ್ಟು ಮೆಲ್ಲಮೆಲ್ಲನೆ ಕೊಡುತ್ತವೆ. ಸೀತಾಳೆಯ ಬೇರಿಗೆ ಅಂಥ ಮಧ್ಯಸ್ಥರಿಲ್ಲ. ಉಪ್ಪಿನಂಶ ತೀಕ್ಷ್ಣವಾದ ನೀರು ನೇರವಾಗಿ ತಾಗಿದಾಗ, ಬೇರು ನೀರನ್ನು ಹೀರುವುದರ ಬದಲು ತನ್ನಲ್ಲಿದ್ದ ನೀರನ್ನೇ ಕಳೆದುಕೊಳ್ಳುತ್ತದೆ. ಉಪ್ಪಿನಕಾಯಿಗೆ ಹಾಕಿದ ಮಿಡಿ ಸುಕ್ಕುಗಟ್ಟುವುದೂ ಇದೇ ನ್ಯಾಯದಿಂದ.

ಹಾಗಾದರೆ ಎಷ್ಟು ಕೊಡಬೇಕು? ಅಂಗಡಿಗಳಲ್ಲಿ ದೊರೆಯುವ, ನೀರಿನಲ್ಲಿ ಪೂರ್ತಿ ಕರಗುವ 19:19:19 ಗೊಬ್ಬರವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಇದರಲ್ಲಿ ಸಾರಜನಕ ನೂರಕ್ಕೆ 19 ಪಾಲು. ಒಂದು ಲೀಟರ್ ನೀರಿಗೆ ಅರ್ಧ ಗ್ರಾಂ ಬೆರೆಸಿದರೆ ಲೀಟರಿಗೆ 95 ಮಿಲಿಗ್ರಾಂ ಸಾರಜನಕವಾಯಿತು. ಚೆನ್ನಾಗಿ ಬೆಳೆಯುತ್ತಿರುವ ಗಿಡಕ್ಕೆ ಇದು ಧಾರಾಳವಾಗಿ ಸಾಕು. ಮನೆಯ ಲೆಕ್ಕದಲ್ಲಿ ಹೇಳುವುದಾದರೆ, 10 ಲೀಟರಿನ ಒಂದು ಬಕೆಟ್ಟಿಗೆ ಮಟ್ಟಸವಾದ ಒಂದು ಚಿಕ್ಕ ಚಮಚ, ಎಂದರೆ ಸುಮಾರು 5 ಗ್ರಾಂ. ಹೊಸದಾಗಿ ಕಟ್ಟಿದ, ಬೇರು ನೊಂದ ಗಿಡಕ್ಕೆ ಹೊಸ ಬೇರು ಕಾಣುವವರೆಗೆ ಏನನ್ನೂ ಕೊಡದಿರುವುದು ಲೇಸು. ಬಳಿಕ ಅರ್ಧ ಚಮಚದಿಂದ ಆರಂಭಿಸಬೇಕು. ಒಣಗಿದ ಬೇರಿಗೆ ಗೊಬ್ಬರದ ನೀರನ್ನು ಎರೆಯಕೂಡದು. ಮೊದಲು ಬರಿಯ ನೀರಿನಿಂದ ಬೇರು ಬೆಳ್ಳಗಿದ್ದುದು ಹಸುರಾಗುವಷ್ಟು ನೆನೆಸಿ, ಅನಂತರ ಇದನ್ನು ಕೊಡಬೇಕು. ತಿಂಗಳಿಗೊಮ್ಮೆ ಕೇವಲ ತಿಳಿನೀರಿನಿಂದ ಬೇರನ್ನೂ ಕುಂಡವನ್ನೂ ಚೆನ್ನಾಗಿ ತೊಳೆದರೆ ಉಳಿದ ಉಪ್ಪು ಹೊರಟುಹೋಗುತ್ತದೆ. ಮಲೆನಾಡಿನಲ್ಲಿ ಹಿಡಿದಿಟ್ಟ ಮಳೆನೀರಿಗಿಂತ ಒಳ್ಳೆಯದು ಇದಕ್ಕೆ ಬೇರೊಂದಿಲ್ಲ.

ಕಾಲವನ್ನೂ ಗಮನಿಸಬೇಕು. ಹೂಮಳೆಯ ಬಳಿಕ ಬೇರಿನ ತುದಿಯಲ್ಲಿ ಹಸುರು ಚಿಗುರು ಕಂಡಾಗ ಗೊಬ್ಬರ ಆರಂಭಿಸಿ, ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಕೊಡಬಹುದು. ಕಳಸದಂಥ ಊರಿನಲ್ಲಿ ಆಷಾಢದ ಮಳೆಗೆ ತೆರೆದಿಟ್ಟ ಗಿಡಕ್ಕೆ ಗೊಬ್ಬರ ಹಾಕುವುದು ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ. ಸೂರಿನ ಕೆಳಗಿನ ಗಿಡಕ್ಕೆ ಮಾತ್ರ ಆಗ ಆ ಮಾತು. ಚಿಕ್ಕಮಗಳೂರು ಪೇಟೆಯಲ್ಲಿ ಮಳೆ ಅಷ್ಟಿಲ್ಲವಾದ್ದರಿಂದ ಅಲ್ಲಿ ನಡುನಡುವೆ ಅವಕಾಶ ಸಿಕ್ಕುತ್ತದೆ. ಚಳಿಗಾಲದಲ್ಲಿ ಪ್ರಮಾಣವನ್ನು ಇಳಿಸಬೇಕು. ಎಲೆಯುದುರಿಸಿ ವಿಶ್ರಮಿಸುವ ಡೆಂಡ್ರೋಬಿಯಂ ಜಾತಿಗಳಿಗಂತೂ ಪೂರ್ತಿಯಾಗಿ ನಿಲ್ಲಿಸಬೇಕು. ನಿದ್ರಿಸುವವನ ಬಾಯಿಗೆ ತುತ್ತಿಡುವವರುಂಟೆ?

ಸೆಗಣಿಯ ನೀರಿನ ಬಗೆಗೂ ಒಂದು ಮಾತು. ಅದರಲ್ಲಿ ಸಾರವಿಲ್ಲವೆಂದಲ್ಲ, ಆದರೆ ಅದರ ತೀಕ್ಷ್ಣತೆಗೆ ಅಳತೆಯಿಲ್ಲ. ಕೊಡಲೇಬೇಕೆನಿಸಿದರೆ ಚೆನ್ನಾಗಿ ಕಳಿತ ಸೆಗಣಿಯ ತಿಳಿಯನ್ನು ಸೋಸಿ, ನೀರಿನ ಬಣ್ಣ ಕಂಡೂ ಕಾಣದಷ್ಟು ತೆಳುವಾಗಿಸಿ ಎರೆಯಬೇಕು. ಹಸಿ ಸೆಗಣಿಯನ್ನು ಬೇರಿಗೆ ಮೆತ್ತುವುದಂತೂ ಗಿಡದ ಉಸಿರನ್ನೇ ಕಟ್ಟಿದಂತೆ.

ಹೂ ಬಿಡದ ಗಿಡಕ್ಕೆ ಗೊಬ್ಬರ ಸಾಲದೆಂಬ ತೀರ್ಮಾನವೂ ಸರಿಯಲ್ಲ. ಎಲೆ ಕಡುಹಸುರಾಗಿ ಸೊಂಪಾಗಿ ಬೆಳೆದು ಹೂವಿಲ್ಲವಾದರೆ, ಬೆಳಕು ಕಡಿಮೆಯಾಗಿದೆ ಅಥವಾ ಸಾರಜನಕ ಹೆಚ್ಚಾಗಿದೆ ಎಂದು ಶಂಕಿಸಬೇಕು. ಎಲೆಯ ತುದಿ ಕಂದಿ ಒಣಗುವುದು, ಕುಂಡದ ಅಂಚಿನಲ್ಲಿ ಬಿಳಿಯ ಉಪ್ಪು ಕಟ್ಟುವುದು, ಬೇರಿನ ತುದಿ ಕರಿಕಾಗುವುದು, ಇವು ಅಜೀರ್ಣದ ಚಿಹ್ನೆಗಳು. ಆಗ ಲಂಘನವೇ ಪರಮೌಷಧ: ಗೊಬ್ಬರ ನಿಲ್ಲಿಸಿ ತಿಳಿನೀರು ಎರೆಯಬೇಕು.

ಇಷ್ಟೊಂದು ಎಚ್ಚರಿಕೆ ಒಂದು ಗಿಡಕ್ಕೇಕೆ ಎಂದು ಕೇಳುವವರಿರಬಹುದು. ಸೀತಾಳೆಯ ಹುಟ್ಟು ಸುಲಭದ್ದಲ್ಲ. ಆರ್ಕಿಡ್‌ನ ಬೀಜ ಧೂಳಿನ ಕಣದಷ್ಟು. ಅದರಲ್ಲಿ ಮೊಳಕೆಗೆ ಬೇಕಾದ ಬುತ್ತಿಯೇ ಇಲ್ಲ. ಕಾಡಿನಲ್ಲಿ ಅದು ಮೊಳೆಯಬೇಕಾದರೆ ಒಂದು ಬಗೆಯ ಶಿಲೀಂಧ್ರದ ನೆರವು ಬೇಕೆಂದು 1899ರಲ್ಲಿ ಫ್ರಾನ್ಸಿನ ನೋಯೆಲ್ ಬರ್ನಾರ್ ಕಂಡುಕೊಂಡನು. ಸಕ್ಕರೆ ಬೆರೆಸಿದ ಅಗಾರ್ ಪಾಕದ ಮೇಲೆ ಶಿಲೀಂಧ್ರವಿಲ್ಲದೆಯೂ ಅದನ್ನು ಮೊಳೆಯಿಸಬಹುದೆಂದು 1922ರಲ್ಲಿ ಅಮೆರಿಕದ ಲೂಯಿಸ್ ನುಡ್ಸನ್ ತೋರಿಸಿದನು. ಆದರೆ ತೋಟದ ಮರದ ಮೇಲೆ ಪ್ರಯೋಗಶಾಲೆಯಿಲ್ಲ. ಉದುರಿದ ಅಸಂಖ್ಯ ಬೀಜಗಳಲ್ಲಿ ಎಲ್ಲಿಯೋ ಒಂದು ಗಿಡವಾಗಿ, ಹೂವಾಗಲು ವರ್ಷಗಳು ಬೇಕು. ಒರಟು ತೊಗಟೆಯ ಹಳೆಯ ಕಾಡುಮರಗಳು ಹೋಗಿ ಸಿಲ್ವರ್ ಓಕ್ ಸಾಲುಗಳು ಏಳುತ್ತಿರುವ ತೋಟಗಳಲ್ಲಿ ಅದಕ್ಕೆ ನೆಲೆಯೂ ಕಿರಿದಾಗುತ್ತಿದೆ.

ಆದುದರಿಂದ ಬಿದ್ದ ಸೀತಾಳೆಗೆ ಅತ್ಯುತ್ತಮ ಗೊಬ್ಬರ ಚಮಚದಲ್ಲಿಲ್ಲ. ಹಿತ್ತಿಲಿನ ಹಲಸಿನ ಮರಕ್ಕೋ ಮಾವಿನ ಮರಕ್ಕೋ, ಬೆಳಗಿನ ಎಳೆಬಿಸಿಲು ಬೀಳುವ ಕಡೆ, ಬಾಳೆಯ ನಾರಿನಿಂದ ಅದನ್ನು ಬಿಗಿಯಾಗಿ ಕಟ್ಟಿದರಾಯಿತು. ನಾರು ಕೊಳೆಯುವ ಹೊತ್ತಿಗೆ ಬೇರು ತೊಗಟೆಯನ್ನು ಹಿಡಿದಿರುತ್ತದೆ. ಮುಂದಿನ ಊಟದ ಹೊಣೆ ಮಲೆನಾಡಿನ ಮಳೆಯದು. ಅದಕ್ಕೆ ಅಳತೆ ಗೊತ್ತಿದೆ.