ವಾಕ್ ಶ್ರವಣ ವಿಜ್ಞಾನ: ವಿಶ್ವವಿದ್ಯಾನಿಲಯದಲ್ಲಿ ಅದರ ಸ್ಥಾನ

ಮಗುವಿಗೆ ಎರಡು ವರ್ಷ ತುಂಬಿದರೂ ಮಾತು ಬಾರದಿದ್ದರೆ ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆಂಬುದನ್ನು ಎಲ್ಲರೂ ಬಲ್ಲರು. ಅಜ್ಜಿ ಬಜೆಯನ್ನು ತೇಯ್ದು ನಾಲಗೆಗೆ ಸವರುತ್ತಾಳೆ. “ಗಂಡುಮಕ್ಕಳಿಗೆ ಮಾತು ತಡ, ಇವನ ಅಪ್ಪನಿಗೂ ನಾಲ್ಕು ವರ್ಷಕ್ಕೇ ಮಾತು ಬಂದದ್ದು” ಎಂದು ನೆರೆಯವರು ಧೈರ್ಯ ಹೇಳುತ್ತಾರೆ. ದೇವರಿಗೆ ಹರಕೆ ಹೊರುವುದುಂಟು. ನಾಲಗೆಯ ಅಡಿಯಲ್ಲಿರುವ ಪೊರೆಯನ್ನು ಕತ್ತರಿಸಿದರೆ ಸರಿಹೋದೀತೆಂದು ಸಲಹೆ ಕೊಡುವವರೂ ಉಂಟು. ಇವೆಲ್ಲವೂ ಪ್ರೀತಿಯಿಂದ ನಡೆಯುವ ಕಾರ್ಯಗಳೇ. ಯಾರನ್ನೂ ದೂಷಿಸುವುದು ನಮ್ಮ ಉದ್ದೇಶವಲ್ಲ. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಇಷ್ಟು ಜನರ ದೃಷ್ಟಿಯೂ ಮಗುವಿನ ನಾಲಗೆಯ ಮೇಲಿದೆ. ಕಿವಿಯ ಮೇಲೆ ಯಾರ ದೃಷ್ಟಿಯೂ ಇಲ್ಲ.

ಮಗು ಭಾಷೆಯನ್ನು ಕಲಿಯುವುದು ಪ್ರಧಾನವಾಗಿ ಕಿವಿಯ ಮೂಲಕ. ಹುಟ್ಟಿನಿಂದಲೇ ಕಿವಿ ಕೇಳಿಸದ ಮಗುವಿನ ಗಂಟಲು, ನಾಲಗೆ, ತುಟಿಗಳು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ. ಅನುಕರಿಸಲು ಮಾದರಿಯೇ ದೊರೆಯದ ಕಾರಣ ಆ ಮಗು ಮಾತನಾಡುವುದಿಲ್ಲ, ಅಷ್ಟೆ. ನಾವು ಅದನ್ನು ‘ಮೂಗ’ನೆಂದು ಕರೆದು ದೋಷವನ್ನು ತಪ್ಪು ಸ್ಥಳದಲ್ಲಿ ಹುಡುಕುತ್ತೇವೆ. ಒಂದು ತಿಂಗಳೊಳಗೆ ಶ್ರವಣ ಪರೀಕ್ಷೆ, ಮೂರು ತಿಂಗಳೊಳಗೆ ದೋಷದ ನಿರ್ಣಯ, ಆರು ತಿಂಗಳೊಳಗೆ ತಕ್ಕ ನೆರವು ಎಂಬುದು ಇಂದು ತಜ್ಞರು ಒಪ್ಪಿರುವ ನಿಯಮ. ಬಜೆ ತೇಯುತ್ತ ಕಳೆದ ಎರಡು ಮೂರು ವರ್ಷಗಳು, ಮಿದುಳು ಭಾಷೆಯನ್ನು ಅತಿ ಸುಲಭವಾಗಿ ಹೀರಿಕೊಳ್ಳುವ ವರ್ಷಗಳು. ಅವನ್ನು ಮರಳಿ ತರಲು ಯಾರಿಂದಲೂ ಆಗದು.

ಈ ಕೆಲಸಕ್ಕೆ ತರಬೇತಾದ ಜನ ಬೇಕು. ಅವರನ್ನು ತಯಾರಿಸಬೇಕಾದುದು ವಿಶ್ವವಿದ್ಯಾನಿಲಯ. ಕರ್ನಾಟಕದ ಮಟ್ಟಿಗೆ ಇದು ಹೊಸ ಮಾತಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದ ನಡುಭಾಗದಿಂದಲೇ ಕೆಲಸ ಮಾಡುತ್ತಿದೆ. ದೇಶದ ಎಲ್ಲ ಕಡೆಗಳಿಂದಲೂ ವಿದ್ಯಾರ್ಥಿಗಳು ಅಲ್ಲಿಗೆ ಬಂದು ಮೈಸೂರು ವಿಶ್ವವಿದ್ಯಾನಿಲಯದ ಪದವಿ ಪಡೆಯುತ್ತಾರೆ. ಬೆಂಗಳೂರು, ಮಂಗಳೂರು, ಮಣಿಪಾಲಗಳಲ್ಲಿಯೂ ಈ ವಿಷಯದ ಶಿಕ್ಷಣವಿದೆ. ಆದರೂ ಪಿ.ಯು.ಸಿ. ಫಲಿತಾಂಶ ಬಂದೊಡನೆ ನಮ್ಮ ವಿದ್ಯಾರ್ಥಿಗಳು ಬರೆಯುವ ಪಟ್ಟಿಯಲ್ಲಿ ಈ ಹೆಸರು ಅಪರೂಪ. ಬರೆದರೂ ಕಟ್ಟಕಡೆಗೆ. ವೈದ್ಯಕೀಯ ಸಿಕ್ಕದವರು, ಎಂಜಿನಿಯರಿಂಗ್ ಒಲ್ಲದವರು ಸೇರುವ ವಿಷಯವೆಂಬ ಭಾವನೆ ತಂದೆತಾಯಿಗಳಲ್ಲಿದೆ, ಅಧ್ಯಾಪಕರಲ್ಲಿಯೂ ಇಲ್ಲದಿಲ್ಲ. ಈ ಭಾವನೆ ತಪ್ಪೆಂಬುದು ನಮ್ಮ ಅಭಿಪ್ರಾಯ. ಭೌತವಿಜ್ಞಾನವನ್ನು ಬೋಧಿಸುವ ನಾವು ಮೊದಲು ನಮ್ಮ ವಿಷಯದಿಂದಲೇ ಸಾಕ್ಷ್ಯವನ್ನು ಕೊಡುತ್ತೇವೆ.

ಕೆರೆಯಲ್ಲಿ ಮುಳುಗು ಹಾಕಿದವನಿಗೆ ದಡದ ಮೇಲಿನವರ ಮಾತು ಕೇಳಿಸದು. ಗಾಳಿಯಲ್ಲಿ ಬಂದ ಶಬ್ದದ ಶಕ್ತಿಯಲ್ಲಿ ಸುಮಾರು ಸಾವಿರದಲ್ಲೊಂದು ಪಾಲು ಮಾತ್ರ ನೀರನ್ನು ಹೊಗುತ್ತದೆ. ಉಳಿದುದು ಪ್ರತಿಫಲಿಸಿ ಹಿಂದಿರುಗುತ್ತದೆ. ನಮ್ಮ ಒಳಗಿವಿಯೂ ದ್ರವದಿಂದ ತುಂಬಿದೆ. ಹಾಗಿದ್ದರೆ ನಮಗೆ ಶಬ್ದ ಕೇಳಿಸುವುದು ಹೇಗೆ? ಉತ್ತರ ನಡುಗಿವಿಯಲ್ಲಿದೆ. ಕಿವಿದಮಟೆಗೆ ತಾಗಿದ ಕಂಪನವನ್ನು ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟ್ಟ ಮೂಳೆಗಳು ಒಳಕ್ಕೆ ಒಯ್ಯುತ್ತವೆ. ಕಿವಿದಮಟೆಯ ಕಂಪಿಸುವ ಭಾಗ ರಿಕಾಪಿನ ಪಾದಕ್ಕಿಂತ ಸುಮಾರು 17 ಪಟ್ಟು ವಿಸ್ತಾರವಾದುದು. ಮೂಳೆಗಳ ಸನ್ನೆಕೋಲಿನಿಂದ ಇನ್ನೂ 1.3 ಪಟ್ಟು ಲಾಭ. ಎರಡನ್ನೂ ಗುಣಿಸಿದರೆ ಒತ್ತಡ ಸುಮಾರು 22 ಪಟ್ಟಾಗುತ್ತದೆ. ನೀರಿನ ಮೇಲ್ಮೈಯಲ್ಲಿ ಆಗುತ್ತಿದ್ದ ನಷ್ಟವನ್ನು ಇದು ಬಹುಮಟ್ಟಿಗೆ ತುಂಬಿಕೊಡುತ್ತದೆ. ಸನ್ನೆಯ ನಿಯಮವನ್ನೂ ಒತ್ತಡದ ಸೂತ್ರವನ್ನೂ ಓದಿದ ಪ್ರೌಢಶಾಲೆಯ ವಿದ್ಯಾರ್ಥಿ ಈ ಲೆಕ್ಕವನ್ನು ತಾನೇ ಮಾಡಬಲ್ಲನು.

ಒಳಗಿವಿಯ ರಹಸ್ಯವನ್ನು ಬಿಡಿಸಿದವರಲ್ಲಿ ಪ್ರಮುಖನಾದ ಗಿಯಾರ್ಗ್ ಫಾನ್ ಬೆಕೆಶಿ ವೈದ್ಯನಲ್ಲ. ಬುಡಾಪೆಸ್ಟಿನಲ್ಲಿ ಭೌತವಿಜ್ಞಾನ ಓದಿ, ಹಂಗೆರಿಯ ಅಂಚೆ ಇಲಾಖೆಯ ಪ್ರಯೋಗಾಲಯದಲ್ಲಿ ಟೆಲಿಫೋನಿನ ಸಮಸ್ಯೆಗಳನ್ನು ಪರಿಶೀಲಿಸುತ್ತಿದ್ದವನು. ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ ಒಳಗಿವಿಯಲ್ಲಿ ಶಬ್ದವು ಚಲಿಸುವ ಅಲೆಯಾಗಿ ಸಾಗಿ, ಎತ್ತರದ ಸ್ವರ ಬುಡದಲ್ಲಿಯೂ ತಗ್ಗಿನ ಸ್ವರ ತುದಿಯಲ್ಲಿಯೂ ಶಿಖರ ಮುಟ್ಟುವುದನ್ನು ಅವನು ತೋರಿಸಿದನು. ಇದಕ್ಕಾಗಿ 1961ರಲ್ಲಿ ಅವನಿಗೆ ವೈದ್ಯಕೀಯದ ನೊಬೆಲ್ ಪಾರಿತೋಷಕ ಬಂದಿತು. 1978ರಲ್ಲಿ, ಭೌತವಿಜ್ಞಾನದ ಶಿಕ್ಷಣವನ್ನೇ ಪಡೆದಿದ್ದ ಡೇವಿಡ್ ಕೆಂಪ್ ಲಂಡನ್ನಿನಲ್ಲಿ ಇನ್ನೊಂದು ವಿಸ್ಮಯವನ್ನು ಕಂಡನು. ಆರೋಗ್ಯವಾದ ಕಿವಿ ಶಬ್ದವನ್ನು ಕೇಳುವುದಷ್ಟೇ ಅಲ್ಲ, ಕ್ಷೀಣವಾದ ಮರುಶಬ್ದವೊಂದನ್ನು ಹೊರಕ್ಕೂ ಕಳುಹಿಸುತ್ತದೆ. ಇಂದು ನಿದ್ರಿಸುತ್ತಿರುವ ಹಸುಗೂಸಿನ ಕಿವಿಯಲ್ಲಿ ಚಿಕ್ಕದೊಂದು ಶೋಧಕವನ್ನಿಟ್ಟು ಕೆಲವೇ ನಿಮಿಷಗಳಲ್ಲಿ ಪರೀಕ್ಷೆ ಮಾಡುವುದು ಈ ತತ್ತ್ವದಿಂದಲೇ.

ಇನ್ನು ಡೆಸಿಬೆಲಿನ ಮಾತು. “ನಮ್ಮ ಮಗುವಿಗೆ ಕಿವಿ ಕೇಳಿಸುತ್ತದೆ, ತಟ್ಟೆ ಬಿದ್ದರೆ ತಿರುಗಿ ನೋಡುತ್ತದೆ” ಎಂದು ತಾಯಿ ಹೇಳುತ್ತಾಳೆ. ಆಕೆ ಹೇಳುವುದು ಸುಳ್ಳಲ್ಲ. ಆದರೆ ಕೇಳಿಸುವಿಕೆಯೆಂಬುದು ದೀಪದ ಗುಂಡಿಯಂತೆ ಇದೆ ಅಥವಾ ಇಲ್ಲ ಎನ್ನುವಂಥದಲ್ಲ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದಲ್ಲಿ, ಮಾತಿನ ಆವೃತ್ತಿಗಳಲ್ಲಿ ಎರಡೂ ಕಿವಿಗಳಿಗೆ 70 ಡೆಸಿಬೆಲ್ ನಷ್ಟವಿದ್ದರೆ ಅದನ್ನು ಕಿವುಡೆಂದು ಹೇಳಿದೆ. ಡೆಸಿಬೆಲ್ ಲಘುಗಣಕದ ಮಾನ. 10 ಏರಿದರೆ ತೀವ್ರತೆ 10 ಪಟ್ಟು. ಆದುದರಿಂದ 70 ಡೆಸಿಬೆಲ್ ನಷ್ಟವೆಂದರೆ, ಸಾಮಾನ್ಯ ಕಿವಿಗೆ ಕೇಳಿಸುವ ಕನಿಷ್ಠ ಶಬ್ದಕ್ಕಿಂತ ಒಂದು ಕೋಟಿ ಪಟ್ಟು ತೀವ್ರವಾದ ಶಬ್ದ ಬೇಕೆಂದು ಅರ್ಥ. ಎದುರಿಗೆ ಕುಳಿತು ಆಡುವ ಮಾತು ಸುಮಾರು 60 ಡೆಸಿಬೆಲ್. ಹತ್ತಿರದಲ್ಲಿ ಬಿದ್ದ ತಟ್ಟೆಯ ಸದ್ದು ಅದಕ್ಕಿಂತ ಬಹಳ ಮೇಲೆ. ಅಂತಹ ಮಗುವಿಗೆ ತಟ್ಟೆ ಕೇಳಿಸುತ್ತದೆ, ತಾಯಿಯ ಮಾತು ಕೇಳಿಸುವುದಿಲ್ಲ. ಲಘುಗಣಕವನ್ನು ಪರೀಕ್ಷೆಗಾಗಿ ಉರುಹೊಡೆಯುವ ವಿದ್ಯಾರ್ಥಿಗಳು, ಅದರ ಅರಿವಿನಿಂದ ಒಂದು ಮಗುವಿನ ಬಾಳು ತಿರುಗಬಲ್ಲದೆಂಬುದನ್ನು ಇಲ್ಲಿ ಕಾಣಬಹುದು.

ಮುಪ್ಪಿನ ಕಿವುಡಿನಲ್ಲಿಯೂ ಇಂಥದೇ ಪಾಠವಿದೆ. ವಯಸ್ಸಾದಂತೆ ಮೊದಲು ಕುಗ್ಗುವುದು ಎತ್ತರದ ಆವೃತ್ತಿಗಳ ಕೇಳಿಸುವಿಕೆ. ಸ್ವರಾಕ್ಷರಗಳ ಶಕ್ತಿ ಬಹುಪಾಲು ತಗ್ಗಿನ ಆವೃತ್ತಿಗಳಲ್ಲಿದ್ದರೆ, ‘ಸ’ಕಾರದ ಶಕ್ತಿ ಬಹುಪಾಲು ಸೆಕೆಂಡಿಗೆ 4000 ಕಂಪನಗಳ ಮೇಲಿದೆ. ಆದುದರಿಂದ ತಾತನಿಗೆ ‘ಸಾರು’ ಎಂದುದು ‘ಆರು’ ಎಂದೂ ‘ಸಾಲು’ ಎಂದುದು ‘ಹಾಲು’ ಎಂದೂ ಕೇಳಿಸೀತು. ನಾವು ಗಟ್ಟಿಯಾಗಿ ಕೂಗಿದರೆ ಬೆಳೆಯುವುದು ಸ್ವರವೇ ಹೊರತು ಸಕಾರವಲ್ಲ. “ಕೂಗಬೇಡ, ಬಿಡಿಸಿ ಹೇಳು” ಎಂದು ಗದರಿಸುವ ವೃದ್ಧರ ಮಾತು ಭೌತವಿಜ್ಞಾನಕ್ಕೆ ಸಮ್ಮತವಾದುದು.

ಆದರೆ ಭೌತವಿಜ್ಞಾನವೊಂದರಿಂದಲೇ ಇಲ್ಲಿ ಕೆಲಸ ಮುಗಿಯುವುದಿಲ್ಲ. ಈ ಶಾಸ್ತ್ರದ ಹಿರಿಮೆ ಇರುವುದೂ ಅಲ್ಲಿಯೇ. 1861ರಲ್ಲಿ ಪ್ಯಾರಿಸಿನ ಪಾಲ್ ಬ್ರೋಕ, ಒಂದೇ ಒಂದು ಉಚ್ಚಾರವನ್ನು ಬಿಟ್ಟು ಬೇರೇನನ್ನೂ ಆಡಲಾರದಿದ್ದ ರೋಗಿಯೊಬ್ಬನ ಮಿದುಳನ್ನು ಅವನ ಮರಣಾನಂತರ ಪರೀಕ್ಷಿಸಿ, ಎಡ ಮುಂಭಾಗದಲ್ಲಿ ಗಾಯವಿದ್ದುದನ್ನು ತೋರಿಸಿದನು. 1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ, ಸರಾಗವಾಗಿ ಮಾತನಾಡಿದರೂ ಅರ್ಥವನ್ನು ಗ್ರಹಿಸಲಾರದ ಇನ್ನೊಂದು ಬಗೆಯ ಭಾಷಾನಷ್ಟವನ್ನು ವಿವರಿಸಿದನು. ಲಕ್ವ ಹೊಡೆದ ಅನಂತರ ಮಾತು ನಿಂತ ತಂದೆಯನ್ನು, ಬುದ್ಧಿಯೂ ಹೋಯಿತೆಂದು ಮೂಲೆಯಲ್ಲಿ ಕೂರಿಸುವ ಮನೆಗಳು ಇಂದಿಗೂ ಇವೆ. ಉಗ್ಗು ನಾಲಗೆಯ ದಪ್ಪದಿಂದ ಬರುವುದಿಲ್ಲ, ಅಣಕದಿಂದ ಹೋಗುವುದೂ ಇಲ್ಲ. ಇವೆಲ್ಲವನ್ನೂ ಅರಿಯಲು ಶರೀರಶಾಸ್ತ್ರ, ನರಶಾಸ್ತ್ರ, ಮನಶ್ಶಾಸ್ತ್ರ, ಭಾಷಾಶಾಸ್ತ್ರಗಳು ಒಂದೆಡೆ ಕೂಡಬೇಕು. ಅವು ಕೂಡುವ ಸ್ಥಳ ವಿಶ್ವವಿದ್ಯಾನಿಲಯವಲ್ಲದೆ ಬೇರಾವುದು? ಇದನ್ನು ಆಸ್ಪತ್ರೆಯ ಒಂದು ಕೊಠಡಿಯಲ್ಲಿ ಕಲಿಸಬಹುದಾದ ಕೈಕಸುಬೆಂದು ಹೇಳುವವರಿಗೆ ಇದೇ ನಮ್ಮ ಉತ್ತರ.

ಕನ್ನಡದ ವಿದ್ಯಾರ್ಥಿಗಳಿಗೆ ಇಲ್ಲಿ ವಿಶೇಷವಾದ ಹೊಣೆಯೊಂದಿದೆ. ಭೌತವಿಜ್ಞಾನದ ನಿಯಮ ಎಲ್ಲ ದೇಶಗಳಿಗೂ ಒಂದೇ. ಭಾಷೆಯ ದೋಷ ಹಾಗಲ್ಲ. ಇಂಗ್ಲಿಷ್ ಮಗುವಿಗಾಗಿ ಮಾಡಿದ ಪದಪಟ್ಟಿಯಿಂದ ಕನ್ನಡ ಮಗುವಿನ ಕಿವಿಯನ್ನಾಗಲಿ ಮಾತನ್ನಾಗಲಿ ಅಳೆಯಲಾಗದು. ಹ್ರಸ್ವದೀರ್ಘಗಳ ಅಂತರ, ‘ತ’ಕಾರ ‘ಟ’ಕಾರಗಳ ಭೇದ, ‘ಲ’ಕಾರ ‘ಳ’ಕಾರಗಳ ಭೇದ ಆ ಪಟ್ಟಿಯಲ್ಲಿ ದೊರೆಯವು. ‘ಮನೆಗಳಿಂದ’ ಎಂಬೊಂದು ಪದದಲ್ಲಿಯೇ ನಾವು ವಚನವನ್ನೂ ವಿಭಕ್ತಿಯನ್ನೂ ಪೋಣಿಸುತ್ತೇವೆ. ಭಾಷಾನಷ್ಟವಾದ ಕನ್ನಡಿಗನಲ್ಲಿ ಈ ಪೋಣಿಕೆ ಎಲ್ಲಿ ಕಳಚುತ್ತದೆಂಬುದನ್ನು ಕನ್ನಡದಲ್ಲಿಯೇ ನೋಡಬೇಕು. ಕಾಗುಣಿತ ಒತ್ತಕ್ಷರಗಳಲ್ಲಿ ಎಡವುವ ಮಗುವಿನ ಓದಿನ ತೊಡಕೂ ಹಾಗೆಯೇ. ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯವೆಂದು ಧ್ವನಿ ಹುಟ್ಟುವ ಸ್ಥಾನಗಳ ಕ್ರಮದಲ್ಲಿಯೇ ವರ್ಣಮಾಲೆಯನ್ನು ಜೋಡಿಸಿದ ಪರಂಪರೆ ನಮ್ಮದು. ಕನ್ನಡದ ಉಚ್ಚಾರಣಾ ಪರೀಕ್ಷೆಗಳು ಮೈಸೂರಿನ ಸಂಸ್ಥೆಯಲ್ಲಿ ಸಿದ್ಧವಾಗಿರುವುದು ಸಂತೋಷದ ವಿಷಯ. ಆದರೆ ಕಲಬುರಗಿಯ ಕನ್ನಡ, ಧಾರವಾಡದ ಕನ್ನಡ, ಕುಂದಾಪುರದ ಕನ್ನಡಗಳು ಒಂದೇ ಅಲ್ಲ. ಊರಿನ ನುಡಿಯನ್ನು ದೋಷವೆಂದು ತಿಳಿಯದಿರುವ, ದೋಷವನ್ನು ಊರಿನ ನುಡಿಯೆಂದು ಕಡೆಗಣಿಸದಿರುವ ವಿವೇಕ, ಆ ನುಡಿಗಳನ್ನು ಕೇಳಿ ಬೆಳೆದವರಿಗೆ ಸುಲಭ. ಈ ಕೆಲಸವನ್ನು ನಮಗಾಗಿ ಹೊರಗಿನವರು ಮಾಡಿಕೊಡರು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಕಿವುಡರನ್ನು ‘ಸರಿಪಡಿಸಬೇಕಾದ’ ವಸ್ತುಗಳೆಂದು ಕಾಣುವ ಅಪಾಯ ಈ ಶಾಸ್ತ್ರಕ್ಕುಂಟು. ಸಂಜ್ಞಾಭಾಷೆ ಬರಿಯ ಕೈಸನ್ನೆಯಲ್ಲ, ತನ್ನದೇ ವ್ಯಾಕರಣವುಳ್ಳ ಪೂರ್ಣಭಾಷೆಯೆಂಬುದನ್ನು ಅಮೆರಿಕದ ವಿಲಿಯಂ ಸ್ಟೋಕೊ 1960ರಲ್ಲಿಯೇ ವಾದಿಸಿದನು. ಭಾಷಾಶಾಸ್ತ್ರ ಈಗ ಅದನ್ನು ಒಪ್ಪಿದೆ. ಮಗುವಿಗೆ ಯಂತ್ರದ ನೆರವೋ ಸಂಜ್ಞೆಯ ನೆರವೋ ಎರಡೂ ಬೇಕೋ ಎಂಬುದು ಮಗುವಿನಿಂದ ಮಗುವಿಗೆ ಬೇರೆಯಾಗಬಹುದು. ಯಾವುದಾದರೊಂದು ಭಾಷೆ ಅದಕ್ಕೆ ಬೇಗನೆ ದೊರೆಯಬೇಕೆಂಬುದರಲ್ಲಿ ಮಾತ್ರ ಎರಡು ಮಾತಿಲ್ಲ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಶ್ರುತಿಕವೆಯಿಂದ ಆರಂಭವಾಗಿ ಅನುನಾದ ನಳಿಕೆಯಲ್ಲಿ ಮುಗಿಯುವ ನಮ್ಮ ಶಬ್ದಪಾಠಕ್ಕೆ ಕಿವಿ ಮತ್ತು ಕಂಠಗಳ ಅಧ್ಯಾಯವೊಂದು ಸೇರಬೇಕು. ಎರಡನೆಯದಾಗಿ, ಪ್ರತಿಯೊಂದು ಹೆರಿಗೆ ಆಸ್ಪತ್ರೆಯಲ್ಲಿ, ಅದು ತಾಲ್ಲೂಕಿನದೇ ಆಗಿರಲಿ, ಮಗು ಮನೆಗೆ ಹೋಗುವ ಮುನ್ನ ಶ್ರವಣ ಪರೀಕ್ಷೆ ನಡೆಯಬೇಕು; ಅದಕ್ಕೆ ಬೇಕಾದಷ್ಟು ಜನರನ್ನು ವಿಶ್ವವಿದ್ಯಾನಿಲಯಗಳು ಕೊಡಬೇಕು. ಮೂರನೆಯದಾಗಿ, ಇಂಗ್ಲಿಷಿನಲ್ಲಿ ಕಲಿತ ಈ ವಿದ್ಯೆಯನ್ನು ತಾಯಂದಿರಿಗೆ ತಿಳಿಯುವ ಕನ್ನಡದಲ್ಲಿ ಹೇಳುವ ಅಭ್ಯಾಸ ವ್ಯಾಸಂಗದ ಭಾಗವೇ ಆಗಬೇಕು.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ವರದಿಯಂತೆ, ಜಗತ್ತಿನಲ್ಲಿ 43 ಕೋಟಿಗೂ ಹೆಚ್ಚು ಜನರಿಗೆ ಶ್ರವಣದೋಷಕ್ಕಾಗಿ ಪುನರ್ವಸತಿಯ ನೆರವು ಬೇಕು. ಇಷ್ಟು ದೊಡ್ಡ ಕೆಲಸ ಕಾದಿರುವಾಗ, ವಿಜ್ಞಾನ ಓದಿದ ತರುಣ ತರುಣಿಯರು ತಮಗೆ ದಾರಿಗಳು ಎರಡೇ ಎಂದು ಕೊರಗುವುದು ಉಚಿತವಲ್ಲ. ಸನ್ನೆಕೋಲು, ಅಲೆ, ಲಘುಗಣಕಗಳನ್ನು ಬಲ್ಲವರಿಗೆ, ಅವುಗಳೊಡನೆ ತಮ್ಮ ನುಡಿಯನ್ನೂ ತಾಳ್ಮೆಯನ್ನೂ ಉಳ್ಳವರಿಗೆ, ಮೂರನೆಯ ದಾರಿ ತೆರೆದಿದೆ. ಈ ವರ್ಷ ಪಟ್ಟಿ ಬರೆಯುವಾಗ ಅದರ ಹೆಸರನ್ನು ಕೊನೆಯಲ್ಲಿ ಬರೆಯುವ ಮುನ್ನ ನಮ್ಮ ವಿದ್ಯಾರ್ಥಿಮಿತ್ರರು ಒಮ್ಮೆ ಯೋಚಿಸಲಿ. ಅವರ ಅಧ್ಯಾಪಕರೂ ಯೋಚಿಸಲಿ.